ಕತ್ತಿನಲ್ಲಿ ಗಂಟು, ನೋವಿಲ್ಲ. ಕಾಯಬಹುದಾ?

ಪ್ರಶ್ನೆ: ನನಗೆ 38 ವರ್ಷ. ದಾವಣಗೆರೆ ಹತ್ತಿರದ ಒಂದು ಊರಿನಲ್ಲಿ ಶಾಲಾ ಶಿಕ್ಷಕಿ. ಎಡ ತೋಳಿನ ಮೇಲೆ ಒಂದು ಮೆತ್ತನೆಯ ಗಂಟು ಐದಾರು ವರ್ಷದಿಂದ ಇದೆ. ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಒಂದೂವರೆ ತಿಂಗಳಿಂದ ಕತ್ತಿನ ಎಡಬದಿಯಲ್ಲಿ ದೊಡ್ಡ ಹುಣಸೆ ಬೀಜದಷ್ಟು ಗಂಟು ಕೈಗೆ ಸಿಗುತ್ತಿದೆ. ಪಕ್ಕದಲ್ಲೇ ಇನ್ನೊಂದು ಚಿಕ್ಕದು. ನೋವಿಲ್ಲ. ಸಂಜೆ ಹೊತ್ತು ಮೈ ಸ್ವಲ್ಪ ಬೆಚ್ಚಗಿರುತ್ತದೆ, ಊಟ ಸೇರುತ್ತಿಲ್ಲ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಆ್ಯಂಟಿಬಯೋಟಿಕ್ ಎರಡು ಸಲ ನುಂಗಿದೆ. ಅತ್ತೆ ಸುಣ್ಣ-ಬೆಲ್ಲ ಹಚ್ಚಿದರು. ಕಡಿಮೆ ಆಗಿಲ್ಲ. ಡಾಕ್ಟರ್ ಹತ್ತಿರ ಹೋದರೆ ಸೂಜಿ ಹಾಕುತ್ತಾರೆ, ಗಂಟಿಗೆ ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಮನೆಯಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ನೋವೇ ಇಲ್ಲವಲ್ಲ, ಇನ್ನೂ ಸ್ವಲ್ಪ ದಿನ ಕಾಯಬಹುದಾ?

ಉತ್ತರ: ಕಾಯಬೇಡಿ ಮೇಡಂ. ಈ ವಾರವೇ ತೋರಿಸಿ. ರಾತ್ರೋರಾತ್ರಿ ಓಡಬೇಕಾದ ತುರ್ತೇನೂ ಇದರಲ್ಲಿಲ್ಲ. ಆದರೆ ಶಾಲೆಗೆ ದಸರಾ ರಜೆ ಸಿಗಲಿ ಅಂತ ಮುಂದೂಡುವ ವಿಷಯವೂ ಅಲ್ಲ.

ನಿಮ್ಮ ಪತ್ರದಲ್ಲಿ 'ನೋವಿಲ್ಲ' ಅನ್ನೋದನ್ನು ಧೈರ್ಯಕ್ಕೆ ಹಿಡಿದುಕೊಂಡಿದ್ದೀರಿ. ನಮ್ಮ ಒಪಿಡಿಗೆ ಬರುವ ಹೆಚ್ಚಿನವರೂ ಹಾಗೇ. ನೋವು ಬಂದರೆ ಅದೇ ದಿನ ಬರುತ್ತಾರೆ, ನೋವಿಲ್ಲದಿದ್ದರೆ ಆರು ತಿಂಗಳು ಬಿಟ್ಟು ಬರುತ್ತಾರೆ. ಗಂಟಿನ ವಿಷಯದಲ್ಲಿ ಈ ಲೆಕ್ಕ ಎಷ್ಟೋ ಸಲ ತಿರುಗುಮುರುಗು. ಗಂಟಲು ಕೆಟ್ಟಾಗ, ಹಲ್ಲಿನ ಬುಡದಲ್ಲಿ ಕೀವಾದಾಗ ಕತ್ತಿನ ಗ್ರಂಥಿ ಒಂದೆರಡು ದಿನದಲ್ಲಿ ದಿಢೀರ್ ಅಂತ ಊದುತ್ತದೆ. ಅದರ ಸುತ್ತಲಿನ ತೆಳು ಪೊರೆ ಎಳೆದು ಬಿಗಿಯಾಗುತ್ತದೆ, ಮುಟ್ಟಿದರೆ ನೋಯುತ್ತದೆ. ಕಾರಣ ವಾಸಿಯಾದರೆ ಅದೂ ಇಳಿಯುತ್ತದೆ. ಆದರೆ ನಿಧಾನವಾಗಿ, ವಾರಗಟ್ಟಲೆ ಬೆಳೆಯುವ ಗಂಟಿನ ಜೊತೆ ಪೊರೆಯೂ ಹಿಗ್ಗುತ್ತಾ ಹೋಗುತ್ತದೆ. ಅದಕ್ಕೇ ನೋವಿರುವುದಿಲ್ಲ. ಟಿಬಿ ಗಂಟು ಶುರುವಿನಲ್ಲಿ ನೋಯುವುದು ಕಡಿಮೆ. ಕ್ಯಾನ್ಸರ್ ಗಂಟೂ ಹಾಗೆಯೇ. ಹಾಗಂತ ನೋವಿಲ್ಲದ್ದೆಲ್ಲ ಕೆಟ್ಟದ್ದು ಅಂತಲ್ಲ, ನಿಮ್ಮ ತೋಳಿನ ಗಂಟು ಬಹುಶಃ ಏನೂ ಅಲ್ಲ. ನೋವು ಇದೆಯೋ ಇಲ್ಲವೋ ಅನ್ನೋದನ್ನು ನಂಬಿ ತೀರ್ಮಾನ ಮಾಡಬೇಡಿ ಅಂತಷ್ಟೇ ಹೇಳುತ್ತಿದ್ದೇನೆ. ಎಲ್ಲಿದೆ, ಎಷ್ಟು ದಿನದಿಂದ ಇದೆ, ಬದಲಾಗುತ್ತಿದೆಯಾ? ನಾವು ನೋಡುವುದು ಈ ಮೂರನ್ನು.

ತೋಳಿನ ಗಂಟನ್ನು ಮೊದಲು ಮುಗಿಸಿಬಿಡೋಣ. ಐದಾರು ವರ್ಷದಿಂದ ಇದೆ, ಮೆತ್ತಗಿದೆ, ಹಾಗೇ ಇದೆ. ಇದು ಕೊಬ್ಬಿನ ಗಂಟು ಇರುವ ಸಾಧ್ಯತೆ ಜಾಸ್ತಿ. ಲಿಪೋಮ ಅಂತಾರೆ. ಗಂಟಿನ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿ ನೋಡಿ, ಚರ್ಮ ಬೇರೆಯಾಗಿ ಮೇಲೆ ಬರುತ್ತದೆ. ಅಂಚನ್ನು ಒತ್ತಿದರೆ ಗಂಟು ಬೆರಳಿನ ಕೆಳಗಿಂದ ಪಕ್ಕಕ್ಕೆ ಜಾರುತ್ತದೆ. ಇದನ್ನು ಕರಗಿಸುವ ಮಾತ್ರೆ ಇಲ್ಲ, ಎಣ್ಣೆ ಇಲ್ಲ, ಕೊಬ್ಬಿನ ಪದಾರ್ಥ ಬಿಟ್ಟರೂ ಕರಗುವುದಿಲ್ಲ. ತೊಂದರೆ ಕೊಡದಿದ್ದರೆ ಬಿಟ್ಟುಬಿಡಬಹುದು. ಬೇಡ ಅನಿಸಿದರೆ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಗೆಯುತ್ತಾರೆ, ಅವತ್ತೇ ಮನೆಗೆ. ಆದರೆ ಗಂಟು 5 ಸೆಂಟಿಮೀಟರ್ ದಾಟಿದರೆ, ಸ್ನಾಯುವಿನ ಒಳಗೆ ಆಳದಲ್ಲಿದೆ ಅನಿಸಿದರೆ, ಸುಮ್ಮನಿದ್ದದ್ದು ಇದ್ದಕ್ಕಿದ್ದಂತೆ ಬೆಳೆಯತೊಡಗಿದರೆ ವಿಷಯವೇ ಬೇರೆ. ಆಗ ಮೊದಲು ಸ್ಕ್ಯಾನ್, ಬೇಕಾದರೆ ಬಯಾಪ್ಸಿ, ಅಂದರೆ ಒಂದು ಚೂರು ತೆಗೆದು ಪರೀಕ್ಷೆ, ಆಮೇಲೆ ಕತ್ತರಿ. ದೊಡ್ಡ ಗಂಟನ್ನು 'ಕೊಬ್ಬಿನದೇ ಬಿಡಿ' ಅಂತ ಯಾರಾದರೂ ಸ್ಕ್ಯಾನ್ ಇಲ್ಲದೆ ತೆಗೆಯಲು ಹೊರಟರೆ ಒಪ್ಪಬೇಡಿ. ಅದು ಸಾರ್ಕೋಮ ಅನ್ನುವ ಕ್ಯಾನ್ಸರ್ ಆಗಿದ್ದರೆ ಮೊದಲ ಆಪರೇಷನ್ನೇ ಸರಿಯಾಗಿ ಆಗಬೇಕು.

ಇನ್ನು ಕತ್ತಿನ ಗಂಟು. ನಿಮ್ಮ ಪ್ರಶ್ನೆ ನಿಜಕ್ಕೂ ಇರುವುದು ಇಲ್ಲಿ.

ನಮ್ಮ ಮೈಯಲ್ಲಿ ನೂರಾರು ಲಿಂಫ್ ಗ್ರಂಥಿಗಳಿವೆ, ಅದರಲ್ಲಿ ದೊಡ್ಡ ಪಾಲು ಕತ್ತಿನಲ್ಲೇ. ಕಂಕುಳು, ತೊಡೆಸಂದಿನಲ್ಲೂ ಇವೆ. ಆಯಾ ಜಾಗದಿಂದ ಬರುವ ಸೋಂಕನ್ನು ತಡೆಯುವುದು ಇವುಗಳ ಕೆಲಸ. ಮಕ್ಕಳ ತಲೆಯಲ್ಲಿ ಹೇನು, ಕಜ್ಜಿ ಆದರೆ ಕತ್ತಿನ ಹಿಂಭಾಗದಲ್ಲಿ ಬಟಾಣಿಯಂಥ ಗಂಟುಗಳು ಸಿಗುತ್ತವೆ. ಬರಿಗಾಲಲ್ಲಿ ಗದ್ದೆಗೆ ಹೋಗುವವರ ಹಿಮ್ಮಡಿ ಒಡೆದಿದ್ದರೆ ತೊಡೆಸಂದಿನಲ್ಲಿ ಗಂಟು ಬರುತ್ತದೆ. ಎಳೆ ಮಗುವಿಗೆ ಎಡ ತೋಳಿಗೆ ಬಿಸಿಜಿ ಲಸಿಕೆ ಹಾಕಿದ ಕೆಲವು ವಾರ, ತಿಂಗಳುಗಳ ಮೇಲೆ ಎಡ ಕಂಕುಳಲ್ಲಿ ಗಂಟು ಕಾಣಿಸಿಕೊಂಡರೆ ಹೆಚ್ಚಾಗಿ ಅದು ತಾನೇ ಇಳಿಯುತ್ತದೆ. ಒಮ್ಮೆ ತೋರಿಸಿ, ಆದರೆ ಗಾಬರಿ ಬೇಡ.

ದೊಡ್ಡವರಿಗೆ ನಾವು ಇಟ್ಟುಕೊಂಡ ಲೆಕ್ಕ ಹೀಗಿದೆ. ಕತ್ತಿನಲ್ಲಿ 1 ಸೆಂಟಿಮೀಟರಿಗಿಂತ ದೊಡ್ಡ ಗಂಟು, ಎರಡು-ಮೂರು ವಾರವಾದರೂ ಇಳಿಯುತ್ತಿಲ್ಲ ಅಂದರೆ ಪರೀಕ್ಷೆ ಆಗಲೇಬೇಕು. ಕಾಲರ್ ಮೂಳೆಯ ಮೇಲಿನ ಗುಳಿಯಲ್ಲಿ ಗಂಟು ಸಿಕ್ಕರೆ ಅಷ್ಟೂ ಕಾಯುವುದಿಲ್ಲ. ಅಲ್ಲಿ ಎಷ್ಟೇ ಚಿಕ್ಕ ಗಂಟಾದರೂ ಸಹಜವಲ್ಲ. ಎಡಗಡೆಯ ಗುಳಿಯಲ್ಲಿ ಬರುವ ಗಂಟು ಕೆಲವು ಸಲ ಹೊಟ್ಟೆಯೊಳಗಿನ ಕ್ಯಾನ್ಸರಿನ ಮೊದಲ ಸುಳಿವು. ಅದಕ್ಕೇ ಕತ್ತು ನೋಡುವ ಡಾಕ್ಟರ್ ನಿಮ್ಮ ಹಿಂದೆ ನಿಂತು, ದವಡೆಯ ಕೆಳಗಿಂದ ಕಾಲರ್ ಮೂಳೆವರೆಗೆ ಎರಡೂ ಬದಿ ಬೆರಳಾಡಿಸುತ್ತಾರೆ. ಒಂದು ಗುಟುಕು ನೀರು ಕುಡಿಯಿರಿ ಅಂತಾರೆ. ನುಂಗಿದಾಗ ಗಂಟು ಮೇಲೆ ಕೆಳಗೆ ಆಡಿದರೆ ಅದು ಹೆಚ್ಚಾಗಿ ಥೈರಾಯ್ಡ್, ದಾರಿಯೇ ಬೇರೆ. ಗಂಟು ಎಷ್ಟು ಗಟ್ಟಿ ಅನ್ನೋದಕ್ಕೆ ಮೆಡಿಕಲ್ ಕಾಲೇಜಿನಲ್ಲಿ ಒಂದು ಸುಲಭ ಅಳತೆ ಹೇಳಿಕೊಡುತ್ತಾರೆ: ನಿಮ್ಮದೇ ತುಟಿ, ಮೂಗಿನ ತುದಿ, ಹಣೆ ಮುಟ್ಟಿ ನೋಡಿ. ತುಟಿಯಷ್ಟಿದ್ದರೆ ಮೆತ್ತಗೆ, ಮೂಗಿನ ತುದಿಯಂತಿದ್ದರೆ ಸ್ವಲ್ಪ ಗಟ್ಟಿ, ಹಣೆಯಷ್ಟು ಗಡುಸಾಗಿ ಜಾಗ ಬಿಟ್ಟು ಕದಲದಿದ್ದರೆ ಚಿಂತೆ ಹೆಚ್ಚು.

ನಿಮ್ಮ ಗಂಟಿಗೆ ಒಂದೂವರೆ ತಿಂಗಳಾಯಿತು. ಪಕ್ಕದಲ್ಲಿ ಇನ್ನೊಂದಿದೆ. ಸಂಜೆ ಜ್ವರ, ಊಟ ಬೇಡ. ಮುಟ್ಟಿ ನೋಡದೆ ರೋಗ ಹೆಸರಿಸುವುದು ತಪ್ಪು, ನಾನು ಹೆಸರಿಸುವುದಿಲ್ಲ. ಆದರೆ ನಮ್ಮ ದೇಶದಲ್ಲಿ ಈ ಥರದ ಗಂಟು ಬಂದಾಗ ಮೊದಲು ನೆನಪಾಗಬೇಕಾದದ್ದು ಟಿಬಿ. ಶ್ವಾಸಕೋಶದ ಹೊರಗೆ ಬರುವ ಟಿಬಿಯಲ್ಲಿ ಗ್ರಂಥಿಗಳದ್ದೇ ದೊಡ್ಡ ಪಾಲು, ಅದರಲ್ಲೂ ಕತ್ತಿನದು. ಹಳಬರು ಗಂಡಮಾಲೆ ಅನ್ನುತ್ತಿದ್ದದ್ದು ಇದನ್ನೇ. ಕೆಮ್ಮು ಇಲ್ಲದೆಯೂ ಬರುತ್ತದೆ. ಜನಕ್ಕೆ ಗೊತ್ತಾಗದೇ ಇರುವುದು ಇಲ್ಲೇ. ಕೆಮ್ಮಿಲ್ಲ, ಕಫದಲ್ಲಿ ರಕ್ತವಿಲ್ಲ, ಹಾಗಾಗಿ ಟಿಬಿ ಅಲ್ಲ ಅಂದುಕೊಳ್ಳುತ್ತಾರೆ. ಬಿಟ್ಟರೆ ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ, ಒಳಗೆ ಕೀವಾಗಿ ಮೆತ್ತಗಾಗುತ್ತವೆ. ಕೀವಿದ್ದರೂ ಮುಟ್ಟಿದರೆ ಬಿಸಿ ಇರುವುದಿಲ್ಲ. ಅದನ್ನು ಸಾಮಾನ್ಯ ಕುರು ಅಂದುಕೊಂಡು ಬ್ಲೇಡಿನಲ್ಲಿ ಕೊಯ್ದರೆ ಆ ಗಾಯ ಬೇಗ ಮುಚ್ಚುವುದಿಲ್ಲ, ತಿಂಗಳುಗಟ್ಟಲೆ ಸೋರುತ್ತದೆ. ಸುಣ್ಣ-ಬೆಲ್ಲ ಇವತ್ತಿಗೇ ನಿಲ್ಲಿಸಿ. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ. ಚರ್ಮ ಸುಟ್ಟು ಕೆಂಪಾದರೆ ಒಳಗಿನ ಗಂಟಿನ ಅಂದಾಜೇ ಸಿಗುವುದಿಲ್ಲ. ಎಕ್ಕದ ಹಾಲು, ಬರೆ ಎಳೆಯುವುದು ಇವುಗಳ ಹತ್ತಿರ ಹೋಗಲೇಬೇಡಿ.

ಮೆಡಿಕಲ್ ಶಾಪಿನ ಮಾತ್ರೆ ಯಾವುದು ಅಂತ ನೀವು ಬರೆದಿಲ್ಲ. ಆ ಸ್ಟ್ರಿಪ್ ಬಿಸಾಡದೆ ಜೊತೆಗೆ ಒಯ್ಯಿರಿ. ಲೆವೊಫ್ಲಾಕ್ಸಾಸಿನ್ ಥರದ ಕೆಲವು ಆ್ಯಂಟಿಬಯೋಟಿಕ್‌ಗಳು ಟಿಬಿ ರೋಗಾಣುವನ್ನೂ ಅರೆಬರೆ ಹತ್ತಿಕ್ಕುತ್ತವೆ. ಸ್ವಲ್ಪ ಗುಣವಾದಂತೆ ಕಂಡು, ರೋಗ ಪತ್ತೆಯಾಗುವುದು ತಡವಾಗುತ್ತದೆ. ಇನ್ನೂ ಕೆಟ್ಟದ್ದು 'ಬಾವು ಇಳಿಯಲಿ' ಅಂತ ಕೊಡುವ ಸ್ಟೀರಾಯ್ಡ್ ಮಾತ್ರೆ. ಅದು ಲಿಂಫೋಮ ಅನ್ನುವ ಗ್ರಂಥಿಗಳ ಕ್ಯಾನ್ಸರಿನ ಗಂಟನ್ನೂ ತಾತ್ಕಾಲಿಕವಾಗಿ ಕುಗ್ಗಿಸಿಬಿಡುತ್ತದೆ. ಆಮೇಲೆ ಬಯಾಪ್ಸಿ ಮಾಡಿದರೆ ಚಿತ್ರ ಸರಿಯಾಗಿ ಸಿಗುವುದಿಲ್ಲ. ಯಾವ ಗಂಟು ಅಂತ ಗೊತ್ತಾಗುವ ಮೊದಲು ಸ್ಟೀರಾಯ್ಡ್ ಬೇಡ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಲಿಂಫೋಮದ ಮಾತು ಬಂತಲ್ಲ, ಅದರ ಲಕ್ಷಣಗಳೂ ಟಿಬಿಯ ಥರವೇ ಇರುತ್ತವೆ. ಜ್ವರ ಬಂದು ಹೋಗುತ್ತಿರುತ್ತದೆ. ರಾತ್ರಿ ಬಟ್ಟೆ ಬದಲಾಯಿಸಬೇಕಾಗುವಷ್ಟು ಬೆವರುತ್ತದೆ. ಆರು ತಿಂಗಳಲ್ಲಿ ತೂಕದ ಹತ್ತನೇ ಒಂದು ಭಾಗ, ಅಂದರೆ 60 ಕೆಜಿ ಇದ್ದವರು 54ಕ್ಕೆ ಇಳಿದುಬಿಡುತ್ತಾರೆ. ಹೊರಗಿನಿಂದ ನೋಡಿ ಎರಡನ್ನೂ ಬೇರೆ ಮಾಡಲು ಎಂಥ ಅನುಭವಿಗೂ ಆಗದು. ಅದಕ್ಕೇ ಸೂಜಿ ಪರೀಕ್ಷೆ.

ಈಗ ನಿಮ್ಮ ಮನೆಯವರ ಹೆದರಿಕೆ. ಎಫ್ಎನ್ಎಸಿ ಅಂತಾರೆ ಆ ಪರೀಕ್ಷೆಗೆ. ರಕ್ತ ತೆಗೆಯುವ ಸೂಜಿಯಷ್ಟೇ ದಪ್ಪದ, ಕೆಲವು ಸಲ ಅದಕ್ಕಿಂತ ಸಣ್ಣ ಸೂಜಿ. ಗಂಟನ್ನು ಎರಡು ಬೆರಳ ನಡುವೆ ಹಿಡಿದು, ಸೂಜಿಯನ್ನು ಒಳಗೆ ನಾಲ್ಕಾರು ಸಲ ಹಿಂದೆ ಮುಂದೆ ಆಡಿಸಿ, ಸೂಜಿಯೊಳಗೆ ಬಂದ ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಸವರುತ್ತಾರೆ. ಹತ್ತಿ ಒತ್ತಿ ಹಿಡಿದು ಐದು ನಿಮಿಷ ಕೂತು ಎದ್ದು ಬರಬಹುದು. ಕತ್ತಿನ ಗಂಟಿಗೆ ಹೀಗೆ ಚುಚ್ಚಿದ್ದರಿಂದ ಕ್ಯಾನ್ಸರ್ ಹರಡುವುದು ಅತಿ ಅಪರೂಪ. ಆ ಭಯಕ್ಕೆ ಪರೀಕ್ಷೆ ಬಿಡುವಷ್ಟು ಅಲ್ಲವೇ ಅಲ್ಲ. ಹಾಗಾದರೆ ಈ ಮಾತು ಹುಟ್ಟಿದ್ದು ಹೇಗೆ? ನನಗೆ ಕಾಣುವ ಮಟ್ಟಿಗೆ, ತುಂಬ ತಡವಾಗಿ ಬಂದವರಿಂದ. ಬರುವಷ್ಟರಲ್ಲೇ ರೋಗ ಹರಡಿರುತ್ತದೆ. ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ, ಒಂದೆರಡು ತಿಂಗಳಲ್ಲಿ ಮನುಷ್ಯ ಸೊರಗುತ್ತಾನೆ. ಊರವರ ಕಣ್ಣಿಗೆ ಕಂಡದ್ದು ಸೂಜಿ ಮಾತ್ರ. ಅಪವಾದ ಅಂತ ಹೇಳುವುದಾದರೆ ಗಂಡಸರ ವೃಷಣದ ಗಂಟು. ಅಲ್ಲಿ ಹೊರಗಿನಿಂದ ಸೂಜಿ ಹಾಕಬಾರದು ಅಂತ ನಾವೇ ನಿಯಮ ಮಾಡಿಕೊಂಡಿದ್ದೇವೆ.

ಸೂಜಿ ಪರೀಕ್ಷೆ ಮಾಡಿಸುವಾಗ ಒಂದು ಮಾತು ಮರೆಯದೆ ಕೇಳಿ: "ಟಿಬಿ ಪರೀಕ್ಷೆಗೂ ಕಳಿಸುತ್ತೀರಾ ಸರ್?" ಸ್ಲೈಡಿನ ಮೇಲೆ ಕಾಣುವುದು ಜೀವಕೋಶಗಳ ಚಿತ್ರ. ಟಿಬಿ ರೋಗಾಣು ಇದೆಯಾ, ಅದು ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್‌ಗೆ ಬಗ್ಗುತ್ತದಾ ಅನ್ನೋದು ಗೊತ್ತಾಗುವುದು ಸಿಬಿ-ನ್ಯಾಟ್ ಅಥವಾ ಟ್ರೂನ್ಯಾಟ್ ಅನ್ನುವ ಲ್ಯಾಬ್ ಪರೀಕ್ಷೆಯಲ್ಲಿ. ಸರ್ಕಾರಿ ಆಸ್ಪತ್ರೆಗಳ ಮೂಲಕ ಇದು ಉಚಿತ. ಮುಂದೆ ಗಂಟು ತೆಗೆದು ಬಯಾಪ್ಸಿಗೆ ಕಳಿಸುವ ಹಂತ ಬಂದರೆ ಈ ಪ್ರಶ್ನೆ ಇನ್ನೂ ಮುಖ್ಯ. ತೆಗೆದ ಗಂಟನ್ನು ಪೂರ್ತಿ ಫಾರ್ಮಲಿನ್ ಬಾಟಲಿಗೆ ಹಾಕಿಬಿಟ್ಟರೆ ರೋಗಾಣು ಸತ್ತುಹೋಗುತ್ತದೆ, ಕಲ್ಚರ್ ಮಾಡಲು, ಅಂದರೆ ಲ್ಯಾಬಿನಲ್ಲಿ ಅದನ್ನು ಬೆಳೆಸಿ ನೋಡಲು, ಏನೂ ಉಳಿಯುವುದಿಲ್ಲ. ಒಂದು ತುಂಡು ಸಲೈನ್‌ನಲ್ಲಿ ಟಿಬಿ ಲ್ಯಾಬಿಗೆ, ಇನ್ನೊಂದು ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ ಹೋಗಬೇಕು. ಗಡಿಬಿಡಿಯ ಆಪರೇಷನ್ ಥಿಯೇಟರಿನಲ್ಲಿ ಇದು ತಪ್ಪಿಹೋಗುವುದುಂಟು. ನೀವು ಮೊದಲೇ ಕೇಳಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ಜೊತೆಗೆ ಎದೆಯ ಎಕ್ಸ್‌ರೇ, ಶುಗರ್, ಎಚ್ಐವಿ ಪರೀಕ್ಷೆ ಹೇಳುತ್ತಾರೆ. ಎಚ್ಐವಿ ಅಂದ ತಕ್ಷಣ ಮುಖ ಸಣ್ಣದು ಮಾಡಿಕೊಳ್ಳಬೇಡಿ, ಟಿಬಿ ಸಂಶಯವಿದ್ದ ಎಲ್ಲರಿಗೂ ಮಾಡುತ್ತಾರೆ.

ಸೂಜಿ ಪರೀಕ್ಷೆಯಲ್ಲಿ 'ರಿಯಾಕ್ಟಿವ್' ಅಂತ ಬಂದರೆ ಸಾಮಾನ್ಯ ಊತ ಅಂತ ಅರ್ಥ. ಹಾಗಂತ ರಿಪೋರ್ಟ್ ಫೈಲಿಗೆ ಸೇರಿಸಿ ಮರೆಯಬೇಡಿ. ಸೂಜಿಗೆ ಸಿಕ್ಕಿದ್ದು ಗಂಟಿನ ಒಂದು ಮೂಲೆ ಮಾತ್ರ. ಮೂರ್ನಾಲ್ಕು ವಾರದಲ್ಲಿ ಗಂಟು ಇಳಿಯಲಿಲ್ಲ ಅಥವಾ ಬೆಳೆಯಿತು ಅಂದರೆ ಮತ್ತೆ ಹೋಗಿ, ಇಡೀ ಗ್ರಂಥಿ ತೆಗೆದು ಪರೀಕ್ಷೆ ಮಾಡಿಸಬೇಕಾಗಬಹುದು. ಲಿಂಫೋಮದ ವಿಧ ಗೊತ್ತಾಗಲು ಸಾಮಾನ್ಯವಾಗಿ ಅದೇ ಬೇಕು.

ಟಿಬಿ ಅಂತಲೇ ಆಯಿತು ಅಂದುಕೊಳ್ಳಿ. ಸಾಮಾನ್ಯ ಟಿಬಿಗೆ ಆರು ತಿಂಗಳ ಮಾತ್ರೆ, ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು. ಔಷಧ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಪೌಷ್ಟಿಕ ಊಟಕ್ಕೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ 1,000 ಆಗಿದೆ, ನೇರವಾಗಿ ಬ್ಯಾಂಕ್ ಖಾತೆಗೆ. ಶ್ವಾಸಕೋಶ ಚೆನ್ನಾಗಿದ್ದು ಗ್ರಂಥಿಯಲ್ಲಿ ಮಾತ್ರ ಟಿಬಿ ಇದ್ದರೆ ನಿಮ್ಮಿಂದ ಯಾರಿಗೂ ಹರಡುವುದಿಲ್ಲ. ತಟ್ಟೆ ಲೋಟ ಬೇರೆ ಇಡುವುದು, ಮಕ್ಕಳನ್ನು ದೂರ ಮಲಗಿಸುವುದು ಯಾವುದೂ ಬೇಕಿಲ್ಲ. ಶಾಲೆಗೂ ಹೋಗಬಹುದು. ಮಾತ್ರೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ರಿಫಾಂಪಿಸಿನ್ ಬಣ್ಣ, ರಕ್ತವಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಮಾತ್ರ ತಕ್ಷಣ ತೋರಿಸಿ. ಇನ್ನೊಂದು ವಿಚಿತ್ರವಿದೆ. ಚಿಕಿತ್ಸೆ ಶುರುವಾದ ಮೊದಲ ತಿಂಗಳುಗಳಲ್ಲಿ ಕೆಲವರಿಗೆ ಗಂಟು ಇನ್ನೂ ದೊಡ್ಡದಾಗುತ್ತದೆ, ಹೊಸದೂ ಏಳಬಹುದು. ಔಷಧ ಹಿಡಿಯುತ್ತಿಲ್ಲ ಅಂತ ಬಿಟ್ಟುಬಿಡುವವರು ಇಲ್ಲೇ ಎಡವುತ್ತಾರೆ. ಸಾಯುತ್ತಿರುವ ರೋಗಾಣುಗಳ ಮೇಲೆ ಮೈ ತಿರುಗಿಬೀಳುವುದರಿಂದಲೂ ಹಾಗಾಗುತ್ತದೆ. ಡಾಕ್ಟರಿಗೆ ತೋರಿಸಿ, ಮಾತ್ರೆ ನಿಲ್ಲಿಸಬೇಡಿ. ಕೋರ್ಸ್ ಮುಗಿದ ಮೇಲೂ ಚಿಕ್ಕ ಗಂಟು ಕೈಗೆ ಸಿಗುತ್ತಾ ಉಳಿಯಬಹುದು, ಬೆಳೆಯದಿದ್ದರೆ ಸುಮ್ನೆ ನೋಡುತ್ತಿದ್ದರೆ ಸಾಕು.

ನಿಮ್ಮ ಪತ್ರ ಓದುವ ಬೇರೆಯವರಿಗಾಗಿ ಒಂದೆರಡು ವಿಷಯ. ಎಲೆ-ಅಡಿಕೆ-ತಂಬಾಕು, ಗುಟ್ಕಾ, ಬೀಡಿಯ ಅಭ್ಯಾಸ ಇರುವವರ ಕತ್ತಿನಲ್ಲಿ ಗಟ್ಟಿ ಗಂಟು ಬಂದರೆ ಮೊದಲು ನೋಡಬೇಕಾದದ್ದು ಗಂಟನ್ನಲ್ಲ, ಬಾಯಿ ಮತ್ತು ಗಂಟಲನ್ನು. ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ ಎರಡು-ಮೂರು ವಾರದಿಂದ ಮಾಯದ ಹುಣ್ಣು ಇದೆಯಾ, ದನಿ ಬದಲಾಗಿದೆಯಾ, ನುಂಗುವಾಗ ಸಿಕ್ಕಿಕೊಳ್ಳುತ್ತದಾ? ಇಎನ್‌ಟಿ ಡಾಕ್ಟರ್ ಬಾಯಿಗೆ ಟಾರ್ಚ್ ಬಿಟ್ಟು, ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡುವ ಮೊದಲೇ ಕತ್ತಿನ ಗಂಟನ್ನು ಕೊಯ್ದು ತೆಗೆಸಬೇಡಿ.

ಸ್ತನದ ಗಂಟಿಗೆ ಕಾಯುವ ಲೆಕ್ಕವೇ ಬೇಡ. ಇಪ್ಪತ್ತರ ಹುಡುಗಿಯರಲ್ಲಿ ಬೆರಳಿಗೆ ಸಿಕ್ಕಿ ಜಾರುವ ಗಂಟು ಹೆಚ್ಚಾಗಿ ಫೈಬ್ರೊಅಡಿನೋಮ, ಅಪಾಯವಿಲ್ಲದ್ದು. ಆದರೂ ಅದನ್ನು ಹೇಳಬೇಕಾದದ್ದು ಸ್ಕ್ಯಾನ್, ಅಕ್ಕಪಕ್ಕದ ಮನೆಯವರಲ್ಲ. ಭಾರತದ ಹೆಣ್ಣುಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದೇ. ನಮ್ಮಲ್ಲಿ ನಲವತ್ತರ ಆಸುಪಾಸಿನಲ್ಲೂ ಬರುತ್ತದೆ. ಮೇಡಂ, ನಿಮ್ಮ ವಯಸ್ಸಿಗೂ ಇದು ಅನ್ವಯಿಸುತ್ತದೆ, ಕತ್ತು ತೋರಿಸಲು ಹೋದಾಗ ಸ್ತನ, ಕಂಕುಳನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಲೇಡಿ ಡಾಕ್ಟರ್ ಬೇಕು ಅಂತ ಕೇಳುವುದಕ್ಕೆ ಸಂಕೋಚ ಯಾಕೆ?

ಗಂಡಸರಿಗೆ ಸಂಕೋಚ ಇನ್ನೂ ಜಾಸ್ತಿ. ಹದಿನೈದರಿಂದ ನಲವತ್ತರೊಳಗಿನ ಹುಡುಗರ ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಂಟು ಸಿಕ್ಕರೆ ಅವತ್ತೇ ಮನೆಯಲ್ಲಿ ಹೇಳಬೇಕು. ಈ ಕ್ಯಾನ್ಸರ್ ಬೇಗ ಸಿಕ್ಕರೆ ಪೂರ್ತಿ ಗುಣವಾಗುವಂಥದ್ದು. ನೀರು ತುಂಬಿ ಊದುವ ಹೈಡ್ರೋಸೀಲ್ ಬೇರೆ. ಆನೆಕಾಲು ರೋಗವಿರುವ ಕಲಬುರಗಿ, ದಕ್ಷಿಣ ಕನ್ನಡದ ಕಡೆ ಅದನ್ನು ಹೆಚ್ಚು ನೋಡುತ್ತೇವೆ. ಸ್ಕ್ಯಾನ್ ಒಂದರಿಂದ ಯಾವುದು ಅಂತ ಗೊತ್ತಾಗುತ್ತದೆ. ದಿಢೀರ್ ಅಂತ ತಡೆಯಲಾಗದ ನೋವು ಬಂದರೆ ಮಾತ್ರ ಗಂಟೆಗಳ ಲೆಕ್ಕ. ವೃಷಣ ತಿರುಚಿಕೊಂಡಿದ್ದರೆ ಆರು ಗಂಟೆಯೊಳಗೆ ಆಪರೇಷನ್ ಆಗಬೇಕು. ಹಾಗೆಯೇ ತೊಡೆಸಂದಿನಲ್ಲಿ ಕೆಮ್ಮಿದರೆ ಉಬ್ಬಿ, ಮಲಗಿದರೆ ಒಳಹೋಗುತ್ತಿದ್ದ ಹರ್ನಿಯಾ ಒಂದು ದಿನ ಒಳಗೇ ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಶುರುವಾದರೆ ರಾತ್ರಿ ಎರಡು ಗಂಟೆಯಾದರೂ ಹೊರಡಿ. ಒತ್ತಿ ಒಳಗೆ ತಳ್ಳಲು ಹೋಗಬೇಡಿ.

ನೀವು ಎಲ್ಲಿಗೆ ಹೋಗಬೇಕು ಅನ್ನೋದು ಉಳಿಯಿತು. ಮೊದಲೇ ದೊಡ್ಡ ಊರಿಗೆ ಓಡಬೇಕಿಲ್ಲ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸರ್ಜನ್ ಇಲ್ಲವೇ ಇಎನ್‌ಟಿ ಡಾಕ್ಟರ್ ಸಾಕು. ಸೂಜಿ ಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲೇ ಆಗುತ್ತದೆ. ಕ್ಯಾನ್ಸರ್ ಅಂತ ಬಂದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆಗೆ ಬರೆದುಕೊಡುತ್ತಾರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ 30 ಶೇಕಡಾ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮತ್ತು ರೇಷನ್ ಕಾರ್ಡ್ ಕೈಯಲ್ಲಿರಲಿ. ಹೋಗುವ ಮುಂಚೆ ನಾಲ್ಕು ದಿನ ಸಂಜೆ ಥರ್ಮಾಮೀಟರಿನಲ್ಲಿ ಜ್ವರ ನೋಡಿ ಬರೆದಿಟ್ಟುಕೊಳ್ಳಿ. ತೂಕವನ್ನೂ ಒಮ್ಮೆ ನೋಡಿ. ಗಂಟನ್ನು ದಿನಕ್ಕೆ ಹತ್ತು ಸಲ ಒತ್ತಿ ನೋಡುವುದು ಬಿಡಿ, ಒತ್ತಿದರೆ ಅದೂ ಊದುತ್ತದೆ. ಪರೀಕ್ಷೆ ಆದ ಮೇಲೆ ರಿಪೋರ್ಟ್ ಕಾಗದದ ಜೊತೆ ಸ್ಲೈಡುಗಳನ್ನೂ ಕೇಳಿ ಪಡೆದಿಟ್ಟುಕೊಳ್ಳಿ. ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅಲ್ಲಿ ಮೊದಲು ಕೇಳುವುದು ಅವನ್ನೇ.